ಪಟ್ಟಿಯಲ್ಲಿ ಇಲ್ಲದ ಲಾಂಚು

ಸಾಗರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಪೋಷಕರು, ಶಿಕ್ಷಕರು, ಆಶಾ ಕಾರ್ಯಕರ್ತೆಯರ ಎದುರು ವೈದ್ಯವೃತ್ತಿಯಲ್ಲಿರುವ ನಾನು ಆಡಿದ ಮಾತಿನ ಬರಹ ರೂಪ ಇದು. ಅಂದು ತಗಡಿನ ಮಾಡಿನ ಮೇಲೆ ಮಳೆ ಒಂದೇ ಸಮನೆ ಬಾರಿಸುತ್ತಿತ್ತು. ಹಿಂದಿನ ಬೆಂಚಿನವರಿಗೆ ಅರ್ಧಕ್ಕರ್ಧ ಕೇಳಿಸಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವರಿಗಾಗಿ ಬರೆದಿದ್ದೇನೆ. ಮಳೆ ನುಂಗಿದ್ದನ್ನು ಸೇರಿಸಿದ್ದೇನೆ, ನಾನು ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ.

ನಮಸ್ಕಾರ. ಮುಖ್ಯೋಪಾಧ್ಯಾಯರು ಫೋನ್ ಮಾಡಿ ಮಕ್ಕಳ ಕೊರೋನಾ ಬಗ್ಗೆ ಮಾತಾಡಬೇಕು ಎಂದಾಗ, ಈಗ ಆ ಪುರಾಣ ಯಾರಿಗೆ ಬೇಕು ಸ್ವಾಮಿ ಎಂದು ಕೇಳಿದ್ದೆ. ಆಮೇಲೆ ಒಪ್ಪಿಕೊಂಡದ್ದು ಒಬ್ಬ ತಾಯಿಯ ಕಾರಣಕ್ಕೆ. 2025ರ ಮೇ ತಿಂಗಳಲ್ಲಿ ಮತ್ತೆ ಒಂದಿಷ್ಟು ಪ್ರಕರಣಗಳು ಕಾಣಿಸಿಕೊಂಡು ಟೀವಿಯವರಿಗೆ ಕೆಲಸ ಸಿಕ್ಕಿತ್ತಲ್ಲ, ಆ ದಿನಗಳಲ್ಲಿ ಅವರು ಮಗನನ್ನು ಕರೆದುಕೊಂಡು ಬಂದರು. ಒಂಬತ್ತು ವರ್ಷದ ಹುಡುಗ, ಮೂರನೇ ವರ್ಷದಿಂದ ಉಬ್ಬಸ. ಎರಡು ವರ್ಷದಿಂದ ಇನ್‌ಹೇಲರ್ ಸರಿಯಾಗಿ ಎಳೆಯುತ್ತಿದ್ದ, ಚೆನ್ನಾಗಿಯೇ ಇದ್ದ. ಈಗ ನೋಡಿದರೆ ಭುಜ ಏರಿಸಿ ಉಸಿರಾಡುತ್ತಿದ್ದಾನೆ. ಏನಾಯಿತು ಎಂದರೆ, "ಮೊದಲೇ ಕಾಯಿಲೆ ಇರುವ ಮಕ್ಕಳಿಗೆ ಕೊರೋನಾ ಅಪಾಯ ಅಂತ ಹೇಳಿದರು. ಪಂಪು ಎಳೆದರೆ ಎದೆ ಇನ್ನಷ್ಟು ದುರ್ಬಲ ಆಗುತ್ತದೇನೋ ಎಂದು ನಿಲ್ಲಿಸಿದೆವು" ಎಂದರು.

ಹುಡುಗನಿಗೆ ಕೊರೋನಾ ಇರಲಿಲ್ಲ. ಇದ್ದದ್ದು ಕೊರೋನಾದ ಹೆದರಿಕೆ, ಅದೂ ಅಮ್ಮನಿಗೆ. ನೆಬುಲೈಸರ್ ಕೊಟ್ಟೆವು, ಸಂಜೆಯ ಹೊತ್ತಿಗೆ ಸುಧಾರಿಸಿದ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಯಾವ ಎಚ್ಚರಿಕೆ ಈ ಮಗುವನ್ನು ಕಾಪಾಡಬೇಕಿತ್ತೋ ಅದೇ ಎಚ್ಚರಿಕೆ ಅವನ ಔಷಧಿಯನ್ನು ಕಿತ್ತುಕೊಂಡಿತ್ತು. ಹಾಗಾಗಿ ಇವತ್ತು ಮಾತಾಡುವುದು ಆ "ಮೊದಲೇ ಕಾಯಿಲೆ ಇರುವ ಮಕ್ಕಳು" ಎಂಬ ಪಟ್ಟಿಯ ಬಗ್ಗೆ.

ಪಟ್ಟಿ ಸುಳ್ಳಲ್ಲ. ಅಮೆರಿಕದಲ್ಲಿ 2020ರ ಮಾರ್ಚ್‌ನಿಂದ 2021ರ ಜನವರಿವರೆಗೆ ಕೋವಿಡ್ ಎಂದು ಎಂಟುನೂರಕ್ಕೂ ಹೆಚ್ಚು ಆಸ್ಪತ್ರೆಗಳಿಗೆ ಬಂದ 43,465 ಮಕ್ಕಳ ದಾಖಲೆಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರದವರು ಜಾಲಾಡಿದರು. ಬಂದವರಲ್ಲಿ ನೂರಕ್ಕೆ ಸುಮಾರು 29 ಮಕ್ಕಳಿಗೆ ಒಂದಲ್ಲ ಒಂದು ಹಳೆಯ ಕಾಯಿಲೆ ಇತ್ತು. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಅಸ್ತಮಾ, ನೂರಕ್ಕೆ ಹತ್ತು. ಆದರೆ ಯಾರನ್ನು ಒಳರೋಗಿಯಾಗಿ ಸೇರಿಸಿಕೊಳ್ಳಬೇಕಾಯಿತು ಎಂದು ನೋಡಿದಾಗ ಮುಂದೆ ನಿಂತದ್ದು ಬೇರೆ ಎರಡು: ಟೈಪ್ 1 ಮಧುಮೇಹ, ಬೊಜ್ಜು. ಮಧುಮೇಹದ ಮಕ್ಕಳಿಗೆ ದಾಖಲಾಗುವ ಸಂಭವ ನಾಲ್ಕೂವರೆ ಪಟ್ಟು, ಬೊಜ್ಜಿನ ಮಕ್ಕಳಿಗೆ ಮೂರು ಪಟ್ಟು. ದಾಖಲಾದ ಮೇಲೆ ತೀರಾ ಗಂಭೀರವಾಗುವವರಲ್ಲಿ ಮಧುಮೇಹದ ಜೊತೆಗೆ ಹುಟ್ಟಿನಿಂದ ಹೃದಯದ ದೋಷ ಇದ್ದವರು. ಎರಡು ವರ್ಷದ ಒಳಗಿನವರಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳು.

"ನಾಲ್ಕೂವರೆ ಪಟ್ಟು" ಎಂದಾಗ ಮುಂದಿನ ಸಾಲಿನಲ್ಲಿ ಒಬ್ಬರ ಮುಖ ಕಪ್ಪಿಟ್ಟದ್ದನ್ನು ಕಂಡೆ. ತಡೆಯಿರಿ. ಒಂದು ಕ್ವಿಂಟಲ್ ಅಕ್ಕಿಯಲ್ಲಿ ಒಂದು ಕಲ್ಲು ಇದ್ದದ್ದು ನಾಲ್ಕಾದರೆ ಅದೂ ನಾಲ್ಕು ಪಟ್ಟೇ. ಹಾಗೆಂದು ಅಕ್ಕಿ ಚೆಲ್ಲುತ್ತೀರಾ? ಕಲ್ಲು ಆರಿಸುತ್ತೀರಿ. ಇಂಗ್ಲೆಂಡಿನವರು ಮೊದಲ ಒಂದು ವರ್ಷ, ಅಂದರೆ 2021ರ ಫೆಬ್ರುವರಿವರೆಗೆ, ಸತ್ತ ಪ್ರತಿಯೊಂದು ಮಗುವಿನ ಕಡತವನ್ನೂ ತೆರೆದು ನೋಡಿದರು. ಸಾಯುವಾಗ ಸೋಂಕು ಇತ್ತು ಎಂದು ಬರೆದಿದ್ದ ಮಕ್ಕಳು 61. ಅವರಲ್ಲಿ ನಿಜವಾಗಿ ಕೋವಿಡ್‌ನಿಂದಲೇ ತೀರಿಕೊಂಡವರು 25. ಉಳಿದವರು ಬೇರೆ ಕಾರಣಕ್ಕೆ ಹೋದವರು, ಮೂಗಿನಲ್ಲಿ ವೈರಸ್ ಇತ್ತು ಅಷ್ಟೆ. ಆ ದೇಶದ ಒಂದು ಕೋಟಿ ಇಪ್ಪತ್ತು ಲಕ್ಷ ಮಕ್ಕಳಲ್ಲಿ 25. ಅವರಲ್ಲಿ 19 ಮಕ್ಕಳಿಗೆ ದೀರ್ಘಕಾಲದ ಕಾಯಿಲೆ ಇತ್ತು, ಹೆಚ್ಚಿನವರಿಗೆ ಒಂದಕ್ಕಿಂತ ಹೆಚ್ಚು. ಉಳಿದ ಆರು ಮಕ್ಕಳಿಗೆ ಏನೂ ಇರಲಿಲ್ಲ. ಆ ಆರನ್ನೂ ನೆನಪಿಡಿ. "ನಮ್ಮ ಮಗು ಗಟ್ಟಿ" ಎಂಬ ಮಾತಿಗೂ ಒಂದು ಮಿತಿ ಇದೆ.

ಸರಿ, ಉಬ್ಬಸಕ್ಕೆ ಬರೋಣ. ಈ ಊರಿನಲ್ಲಿ ಇದನ್ನು ದಾಟಿ ಬೇರೆ ಕಡೆ ಹೋಗಲು ಆಗುವುದಿಲ್ಲ. ನಾಲ್ಕು ತಿಂಗಳು ಬಿಡದ ಮಳೆ, ಗೋಡೆಗೆ ಬೂಷ್ಟು, ಹಾಸಿಗೆಗೆ ಮುಗ್ಗಲು ವಾಸನೆ. ಮಳೆ ಮುಗಿಯಿತು ಎನ್ನುವಾಗ ಅಡಿಕೆ ಕೊಯ್ಲು. ಅಂಗಳದಲ್ಲಿ ಹಂಡೆ ಇಟ್ಟು ಅಡಿಕೆ ಬೇಯಿಸುವ ಒಲೆ, ಒಳಗೆ ಬಚ್ಚಲ ಒಲೆ. ಹಸಿ ಸೌದೆಯ ಹೊಗೆ. ಮಲೆನಾಡಿನ ಮಗುವಿನ ಎದೆಗೆ ವರ್ಷದಲ್ಲಿ ರಜೆ ಸಿಗುವುದು ಬೇಸಿಗೆಯಲ್ಲಿ ಮಾತ್ರ.

ಹಾಗಾದರೆ ಉಬ್ಬಸದ ಮಕ್ಕಳೆಲ್ಲ ಕೋವಿಡ್‌ಗೆ ಸುಲಭದ ತುತ್ತೇ? ಸ್ಕಾಟ್ಲೆಂಡಿನಲ್ಲಿ ಐದರಿಂದ ಹದಿನೇಳು ವರ್ಷದ ಏಳೂವರೆ ಲಕ್ಷ ಮಕ್ಕಳ ದಾಖಲೆ ಇಟ್ಟುಕೊಂಡು ನೋಡಿದರು. ಕೋವಿಡ್ ಬಂದು ಆಸ್ಪತ್ರೆ ಸೇರುವ ಸಂಭವ ಎದ್ದು ಕಂಡದ್ದು ಹತೋಟಿ ತಪ್ಪಿದ ಅಸ್ತಮಾದವರಲ್ಲಿ: ಹಿಂದಿನ ಎರಡು ವರ್ಷಗಳಲ್ಲಿ ಉಬ್ಬಸಕ್ಕಾಗಿಯೇ ಆಸ್ಪತ್ರೆ ಸೇರಿದ್ದವರು, ಅಥವಾ ಮತ್ತೆ ಮತ್ತೆ ಸ್ಟೀರಾಯ್ಡ್ ಮಾತ್ರೆ ನುಂಗಬೇಕಾಗಿ ಬಂದವರು. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಮಳೆ ಎಲ್ಲರ ತೋಟದ ಮೇಲೂ ಬೀಳುತ್ತದೆ. ಮಳೆಗೆ ಮೊದಲು ಬೋರ್ಡೋ ಹೊಡೆದ ತೋಟಕ್ಕೂ ಹೊಡೆಯದ ತೋಟಕ್ಕೂ ಕೊಳೆರೋಗ ಒಂದೇ ರೀತಿ ಬರುತ್ತದೆಯೇ? ಮೋಡ ಕವಿದಿದೆ ಎಂದು ಹೆದರಿ ಯಾರಾದರೂ ಔಷಧಿ ಹೊಡೆಯುವುದನ್ನೇ ನಿಲ್ಲಿಸುತ್ತಾರೆಯೇ? ಆ ತಾಯಿ ಮಾಡಿದ್ದು ಅದನ್ನೇ. ಅವರನ್ನು ಬೈಯುವ ಮನಸ್ಸು ನನಗಿಲ್ಲ. ತೋಟದ ಲೆಕ್ಕ ಗೊತ್ತಿದ್ದವರಿಗೆ ಎದೆಯ ಲೆಕ್ಕ ಹೇಳಿಕೊಡದೆ ಇದ್ದವರು ನಾವು.

ಇನ್‌ಹೇಲರ್ ಚಟ ಹಿಡಿಸುವುದಿಲ್ಲ. ಅದರಲ್ಲಿ ಎರಡು ಬಗೆ ಇವೆ. ಒಂದು ಉಬ್ಬಸ ಬಂದಾಗ ಕೊಳವೆ ಸಡಿಲಿಸುವುದು, ಇನ್ನೊಂದು ಬಾರದಂತೆ ದಿನಾ ಎಳೆಯಬೇಕಾದದ್ದು. ಎರಡನೆಯದನ್ನೇ ಜನ ನಿಲ್ಲಿಸುವುದು, ಏಕೆಂದರೆ ಎಳೆದ ಕೂಡಲೇ ಏನೂ ಅನ್ನಿಸುವುದಿಲ್ಲ. ಅದರಲ್ಲಿರುವ ಸ್ಟೀರಾಯ್ಡ್ ಮೈಕ್ರೋಗ್ರಾಂ ಲೆಕ್ಕದ್ದು, ನೇರ ಶ್ವಾಸಕೋಶಕ್ಕೆ ಹೋಗುವಂಥದ್ದು. 2021ರಲ್ಲಿ ವಾಟ್ಸಾಪಿನಲ್ಲಿ ಓಡಾಡಿದ ಚೀಟಿ ನೋಡಿ ಸಣ್ಣ ಜ್ವರಕ್ಕೂ ಮಕ್ಕಳಿಗೆ ಸ್ಟೀರಾಯ್ಡ್ ಮಾತ್ರೆ ನುಂಗಿಸಿದರಲ್ಲ, ಆ ಕಥೆ ಬೇರೆ. ಲಕ್ಷಣ ಇಲ್ಲದ ಅಥವಾ ಸೌಮ್ಯ ಕೋವಿಡ್‌ನ ಮಕ್ಕಳಿಗೆ ಸ್ಟೀರಾಯ್ಡ್ ಹಾನಿಕರ, ವೈರಸ್ ವಿರುದ್ಧದ ಔಷಧಿ ರೆಮ್ಡೆಸಿವಿರ್ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಆ ಜೂನ್‌ನಲ್ಲೇ ಹೇಳಿತ್ತು. ಚೀಟಿ ಓಡಿದಷ್ಟು ವೇಗವಾಗಿ ಆ ಸುತ್ತೋಲೆ ಓಡಲಿಲ್ಲ.

ಈಗ ಎಲ್ಲರೂ ಸ್ವಲ್ಪ ಮುಂದೆ ಬಂದು ಈ ಬಾಟಲಿ ನೋಡಿ. ಅರ್ಧ ಲೀಟರಿನ ನೀರಿನ ಬಾಟಲಿ, ಬಸ್ ನಿಲ್ದಾಣದಲ್ಲಿ ಕುಡಿದು ಎಸೆಯುವಂಥದ್ದು. ಮಕ್ಕಳಿಗೆ ಇನ್‌ಹೇಲರನ್ನು ನೇರ ಬಾಯಿಗಿಟ್ಟು ಒತ್ತಿದರೆ ಔಷಧಿಯ ಹೆಚ್ಚಿನ ಪಾಲು ನಾಲಿಗೆ, ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಅದಕ್ಕೇ ನಡುವೆ ಸ್ಪೇಸರ್ ಎಂಬ ಗೂಡು ಬೇಕು. ಅಂಗಡಿಯದ್ದು ಕೊಳ್ಳಲು ಆಗದಿದ್ದರೆ ಇದು ಸಾಕು. ಕೇಪ್ ಟೌನ್‌ನ ಮಕ್ಕಳ ವೈದ್ಯರು ಇದೇ ಅಳತೆಯ ಬಾಟಲಿಯನ್ನು ಅಂಗಡಿಯ ಸ್ಪೇಸರ್ ಜೊತೆ ಹೋಲಿಸಿ, ಇದು ಅದಕ್ಕೇನೂ ಕಡಿಮೆ ಇಲ್ಲ ಎಂದು 1999ರಲ್ಲೇ ತೋರಿಸಿದ್ದಾರೆ. ತಳದಲ್ಲಿ ಇನ್‌ಹೇಲರಿನ ಬಾಯಿ ಕಚ್ಚಿ ಕೂರುವಷ್ಟು ತೂತು. ಸುತ್ತ ಸಂದು ಉಳಿಯದಂತೆ ಅಂಟು ಟೇಪು. ಬಾಟಲಿಯ ಬಾಯಿ ಮಗುವಿನ ಬಾಯಿಗೆ, ತುಟಿ ಬಿಗಿಯಾಗಿ. ಇನ್‌ಹೇಲರ್ ಚೆನ್ನಾಗಿ ಕುಲುಕಿ, ಒಂದು ಸಲ ಒತ್ತಿ. ನೋಡಿ, ಒಳಗೆ ಬಿಳಿ ಮಂಜು ನಿಂತಿತು, ಆಗುಂಬೆಯ ಬೆಳಗಿನಂತೆ. ಈಗ ಮಗು ನಿಧಾನವಾಗಿ ಐದಾರು ಉಸಿರು ಒಳಗೆ ಹೊರಗೆ ಆಡಲಿ. ಇನ್ನೊಂದು ಗುಟುಕು ಬೇಕಿದ್ದರೆ ಮತ್ತೆ ಕುಲುಕಿ ಮತ್ತೆ ಒತ್ತಬೇಕು, ಎರಡನ್ನೂ ಒಟ್ಟಿಗೆ ಒತ್ತಬಾರದು. ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ ತೆಗೆದು ತಾನಾಗಿ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೆ ಅಂಟುತ್ತದೆ. (ಇಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು, ಬಾಚಣಿಗೆ ಉಜ್ಜಿದರೆ ಕಾಗದದ ಚೂರು ಅಂಟಿದಂತೆಯೇ ಎಂದು ಕೇಳಿದಳು. ಅದೇ.)

ಟೈಪ್ 1 ಮಧುಮೇಹದ ಮಕ್ಕಳು ಎಣಿಕೆಯಲ್ಲಿ ಕಡಿಮೆ, ಆದರೆ ಅವರ ವಿಷಯದಲ್ಲಿ ತಪ್ಪಿಗೆ ಜಾಗವೇ ಇಲ್ಲ. ಈ ಮಕ್ಕಳ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿದೆ. ಸಿಹಿ ಹೆಚ್ಚು ತಿಂದು ಬಂದದ್ದಲ್ಲ, ಅಜ್ಜಿಯಂದಿರು ದಯವಿಟ್ಟು ಸೊಸೆಯನ್ನು ದೂರಬೇಡಿ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೆ ಈ ಕಾಯಿಲೆ ಬಂದ ಮಗು ಉಳಿಯುತ್ತಲೇ ಇರಲಿಲ್ಲ. ಯಾವ ಸೋಂಕು ಬಂದರೂ, ಕೊರೋನಾವೇ ಆಗಬೇಕೆಂದಿಲ್ಲ, ದೇಹದ ಒತ್ತಡದ ಹಾರ್ಮೋನುಗಳು ಸಕ್ಕರೆಯನ್ನು ಏರಿಸುತ್ತವೆ. ಮಗು ವಾಂತಿ ಮಾಡುತ್ತದೆ, ಊಟ ಬಿಡುತ್ತದೆ. ಮನೆಯವರು "ಊಟವೇ ಇಲ್ಲ, ಇಂಜೆಕ್ಷನ್ ಯಾಕೆ" ಎಂದು ನಿಲ್ಲಿಸುತ್ತಾರೆ. ಅಲ್ಲಿಂದ ರಕ್ತ ಹುಳಿಯಾಗಲು ಒಂದು ದಿನ ಸಾಕು. ಹೊಟ್ಟೆನೋವು, ಬಾಯಿಯಿಂದ ಕಳಿತ ಹಣ್ಣಿನಂಥ ವಾಸನೆ, ಓಡಿ ಬಂದವನಂತೆ ಆಳವಾದ ಉಸಿರು. ಕೋವಿಡ್ ಕಾಲದಲ್ಲಿ ಈ ಉಸಿರನ್ನು ಕಂಡು ಎಲ್ಲರ ಕಣ್ಣೂ ಶ್ವಾಸಕೋಶದ ಕಡೆ ಹೋಗುತ್ತಿತ್ತು. ಬೆರಳ ತುದಿಯ ಒಂದು ಹನಿ ರಕ್ತ ಹೇಳುವ ಉತ್ತರಕ್ಕೆ ಎದೆಯ ಸ್ಕ್ಯಾನ್‌ವರೆಗೆ ಹೋಗಿ ಬಂದವರಿದ್ದಾರೆ. ಜ್ವರದ ದಿನ ಇನ್ಸುಲಿನ್ ಪ್ರಮಾಣ ವೈದ್ಯರನ್ನು ಕೇಳಿ ಹೊಂದಿಸಿಕೊಳ್ಳಿ, ಪೂರ್ತಿ ನಿಲ್ಲಿಸುವುದು ಮಾತ್ರ ಯಾವತ್ತೂ ಬೇಡ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದರೆ ಫ್ರಿಜ್ಜಿನ ಇನ್ಸುಲಿನ್ ಗತಿ ಏನು ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಬಳಕೆಯಲ್ಲಿರುವ ಬಾಟಲಿ ತಂಪಾದ ಕೋಣೆಯಲ್ಲಿ ನಾಲ್ಕು ವಾರ ಕೆಡುವುದಿಲ್ಲ. ತೆರೆಯದ ಬಾಟಲಿಯನ್ನು ಒದ್ದೆ ಮರಳಿನಲ್ಲಿ ಕೂರಿಸಿದ ಮಡಕೆಯಲ್ಲಿ ಇಡಬಹುದು. ನಮ್ಮ ಜುಲೈ ತಿಂಗಳ ಥಂಡಿಯಲ್ಲಿ ಮಡಕೆಯೂ ಬೇಕಾಗಲಿಕ್ಕಿಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ ಬಳಸಬೇಡಿ, ಬಿಸಾಡಿ.

ಹುಟ್ಟಿನಿಂದ ಹೃದಯದಲ್ಲಿ ತೂತು, ಕವಾಟದ ದೋಷ ಇರುವ ಮಕ್ಕಳು ಸಾವಿರ ಹೆರಿಗೆಗೆ ಎಂಟೋ ಒಂಬತ್ತೋ ಇರುತ್ತಾರೆ. ಸುಮ್ಮನೆ ಕೂತಾಗಲೇ ಓಡುವವರಷ್ಟು ದುಡಿಯುತ್ತಿರುವ ಹೃದಯಕ್ಕೆ ನ್ಯುಮೋನಿಯಾ ಬಂದರೆ ಇನ್ನಷ್ಟು ದುಡಿಯಲು ಬಾಕಿ ಶಕ್ತಿ ಇರುವುದಿಲ್ಲ. ಹಾಲು ಕುಡಿಯುವಾಗ ಮಗುವಿನ ಹಣೆ ಬೆವರುತ್ತದೆಯೇ, ನಡುನಡುವೆ ನಿಲ್ಲಿಸಿ ಏದುಸಿರು ಬಿಡುತ್ತದೆಯೇ, ತೂಕ ಏರುತ್ತಿಲ್ಲವೇ, ಇದನ್ನು ಮೊದಲು ಗಮನಿಸುವವರು ಆಶಾ ಅಕ್ಕಂದಿರೇ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದು ಇಂಥ ಮಕ್ಕಳನ್ನು ಹುಡುಕುತ್ತದೆ. ಶಾಲೆಯ ಬಾಗಿಲೇ ಮುಚ್ಚಿದ್ದಾಗ ಅವರು ಹುಡುಕುವುದು ಎಲ್ಲಿ? 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿ ನಮ್ಮ ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಕೋವಿಡ್ ಮಕ್ಕಳಿಗೆ ಮಾಡಿದ ಕೇಡಿನಲ್ಲಿ ವೈರಸ್‌ನ ಪಾಲಿಗಿಂತ ಈ ಹತ್ತೊಂಬತ್ತು ತಿಂಗಳ ಪಾಲು ದೊಡ್ಡದು ಎಂಬುದು ನನ್ನ ಅನಿಸಿಕೆ. ಒಪ್ಪದವರು ಆಮೇಲೆ ಜಗಳ ಆಡಬಹುದು.

ಬೊಜ್ಜಿನ ವಿಷಯ ಶಿವಮೊಗ್ಗ ಪೇಟೆಯ ಶಾಲೆಯಲ್ಲಿ ಹೆಚ್ಚು ಮಾತಾಡುತ್ತೇನೆ, ಇಲ್ಲಿ ಬೇಡ. ಇಲ್ಲಿ ಆಗಬೇಕಾದದ್ದು ಅದರ ಇನ್ನೊಂದು ತುದಿಯ ಮಾತು. ಆರು ತಿಂಗಳು ದಾಟಿದ, ಐದು ವರ್ಷದ ಒಳಗಿನ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ, ಅಂಗನವಾಡಿಯ ಟೇಪಿನಲ್ಲಿ ಕೆಂಪು ತೋರಿಸಿದರೆ, ಆ ಮಗುವಿಗೆ ಯಾವ ಜ್ವರವೂ ಸಣ್ಣದಲ್ಲ.

ಇನ್ನು ಜ್ವರದ ಮಾತು. ವೈರಸ್‌ಗೆ ಹೆಸರು ಕೊಟ್ಟ ಜಿಲ್ಲೆ ನಮ್ಮದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಬಿದ್ದು ಸತ್ತಾಗ ಸಿಕ್ಕಿದ್ದು ಮಂಗನ ಕಾಯಿಲೆಯ ವೈರಸ್. ಅದೇ ಕಾಯಿಲೆಯಿಂದ ಅರಳಗೋಡಿನವರು 2019ರಲ್ಲಿ ಏನು ಅನುಭವಿಸಿದರು ಎಂದು ನಾನು ಹೇಳಬೇಕಾಗಿಲ್ಲ. ಅದರ ಜೊತೆಗೆ ಡೆಂಗಿ, ಇಲಿ ಜ್ವರ, ಸ್ಕ್ರಬ್ ಟೈಫಸ್. ಈ ಸಾಲಿಗೆ 2020ರಲ್ಲಿ ಇನ್ನೊಂದು ಸೇರಿತು. ಆ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈದ್ಯರು ಮೊದಲು ಎಚ್ಚರಿಸಿದರು: ಕೋವಿಡ್ ಬಂದು ಹೋಗಿ ಎರಡರಿಂದ ಆರು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಇಳಿಯದ ಜ್ವರ, ಹೊಟ್ಟೆನೋವು, ಕಣ್ಣು ಕೆಂಪು, ಮೈಮೇಲೆ ದದ್ದು, ಆಮೇಲೆ ರಕ್ತದೊತ್ತಡ ಕುಸಿತ. ವೈರಸ್ ಹೊರಟು ಹೋಗಿರುತ್ತದೆ, ಅದರ ವಿರುದ್ಧ ಎದ್ದ ದೇಹದ ಪಡೆ ಮಾತ್ರ ಇನ್ನೂ ಮನೆಗೆ ಮರಳದೆ ತನ್ನ ಊರನ್ನೇ ಸುಡುತ್ತಿರುತ್ತದೆ. ಜಪಾನಿನ ಮಕ್ಕಳ ವೈದ್ಯ ಕವಾಸಾಕಿ 1967ರಲ್ಲಿ ಬರೆದ ಕಾಯಿಲೆಯನ್ನು ಇದು ಹೋಲುತ್ತದೆ. ಎಂಐಎಸ್-ಸಿ ಎಂಬ ಈ ಕಾಯಿಲೆ ಹಳೆಯ ರೋಗದ ಪಟ್ಟಿಯನ್ನು ಲೆಕ್ಕಕ್ಕೆ ಇಡಲಿಲ್ಲ. ಬಂದವರಲ್ಲಿ ಬಹಳ ಮಕ್ಕಳು ಅಲ್ಲಿಯವರೆಗೆ ಆರೋಗ್ಯವಾಗಿಯೇ ಇದ್ದವರು.

ನಮ್ಮ ಕಷ್ಟ ಏನೆಂದರೆ ಜ್ವರ, ದದ್ದು, ಕೆಂಗಣ್ಣು, ಕುಸಿಯುವ ರಕ್ತದೊತ್ತಡ ಎಲ್ಲವನ್ನೂ ಡೆಂಗಿಯೂ ತರುತ್ತದೆ, ಸ್ಕ್ರಬ್ ಟೈಫಸ್ ಕೂಡ ತರುತ್ತದೆ. ಲಂಡನ್ನಿನ ವೈದ್ಯನಿಗೆ ಈ ತಲೆನೋವಿಲ್ಲ. ಇಲ್ಲಿ ಜ್ವರದ ಮಗು ಬಂದರೆ ನಾನು ಮೊದಲು ಬಟ್ಟೆ ಬಿಚ್ಚಿಸಿ ಕಂಕುಳು, ತೊಡೆಯ ಸಂದು, ಕಿವಿಯ ಹಿಂದೆ ಹುಡುಕುತ್ತೇನೆ. ಬೀಡಿಯಿಂದ ಸುಟ್ಟಂಥ ಒಂದು ಕರಿ ಹಕ್ಕಳೆ ಸಿಕ್ಕಿದರೆ ಅದು ಸ್ಕ್ರಬ್ ಟೈಫಸ್ ಹುಳು ಕಚ್ಚಿದ ಜಾಗ. ಡಾಕ್ಸಿಸೈಕ್ಲಿನ್ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಎಂಐಎಸ್-ಸಿಗೆ ಬೇಕಾದ ಇಮ್ಯುನೋಗ್ಲೋಬ್ಯುಲಿನ್ ದುಬಾರಿ ಔಷಧಿ, ದೊಡ್ಡ ಆಸ್ಪತ್ರೆಯಲ್ಲಿ ಕೊಡುವಂಥದ್ದು. ಮೂರು ದಿನ ದಾಟಿದ ಜ್ವರವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಹೆಸರನ್ನು ನಾವು ಹುಡುಕುತ್ತೇವೆ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಸಾಕು, ಮಗುವಿನ ತೂಕದ ಕಿಲೋಗೆ 10ರಿಂದ 15 ಮಿಲಿಗ್ರಾಂ. ಆಸ್ಪಿರಿನ್ ಬೇಡವೇ ಬೇಡ.

ಉಸಿರು ಎಣಿಸುವುದನ್ನು ಮಾತ್ರ ಎಲ್ಲರೂ ಕಲಿಯಿರಿ. ಮಗು ಮಲಗಿದ್ದಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ, ಪೂರ್ತಿ ಒಂದು ನಿಮಿಷ. ಎರಡು ತಿಂಗಳ ಒಳಗಿನ ಕೂಸಿಗೆ 60, ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40. ಅಷ್ಟು ಮುಟ್ಟಿತೋ, ಪಕ್ಕೆ ಒಳಗೆ ಎಳೆಯಿತೋ, ಹೊರಡಿ.

ಹೊರಡಿ ಎಂದೆ. ಎಲ್ಲಿಗೆ, ಹೇಗೆ? ತುಮರಿ ಕಡೆಯವರು ಇಲ್ಲಿ ಯಾರಾದರೂ ಇದ್ದೀರಾ? (ನಾಲ್ಕೈದು ಕೈಗಳು ಮೇಲೆದ್ದವು.) 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಶರಾವತಿ ತುಂಬಿದ ಮೇಲೆ ನಿಮಗೆ ಸಾಗರ ಎಂದರೆ ಹಿನ್ನೀರು ದಾಟಿಸುವ ದೋಣಿ, ಲಾಂಚು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಹೊಸನಗರದ ಕಡೆಯಿಂದ ಬಳಸಿ ಬರಬೇಕಿತ್ತು, ಇಲ್ಲ ಬೆಳಗಾಗಬೇಕಿತ್ತು. ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಕೋವಿಡ್‌ನ ಅಲೆಗಳೆಲ್ಲ ಅದಕ್ಕೆ ಮೊದಲೇ ಮುಗಿದಿದ್ದವು. ಅಮೆರಿಕದ ಆ 43,465 ಮಕ್ಕಳು ಆಸ್ಪತ್ರೆಯ ಬಾಗಿಲು ಮುಟ್ಟಿದವರು, ಆದ್ದರಿಂದಲೇ ಲೆಕ್ಕಕ್ಕೆ ಸಿಕ್ಕವರು. ಅವರ ಪಟ್ಟಿಯಲ್ಲಿ ಮಧುಮೇಹ ಇದೆ, ಹೃದಯ ಇದೆ, ಲಾಂಚು ಇಲ್ಲ. ನನ್ನ ಪಟ್ಟಿಯಲ್ಲಿ ಅದನ್ನು ಮೊದಲ ಸಾಲಿಗೆ ಬರೆದುಕೊಂಡಿದ್ದೇನೆ. ಒಂದೇ ಉಬ್ಬಸ, ಒಂದೇ ವೈರಸ್. ಆಸ್ಪತ್ರೆಯ ಬೀದಿಯಲ್ಲಿ ಮನೆ ಇರುವ ಮಗುವಿಗೂ, ತೀರ್ಥಹಳ್ಳಿಯಿಂದ ಅರವತ್ತು ಕಿಲೋಮೀಟರ್ ದಾಟಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರಬೇಕಾದ ಮಗುವಿಗೂ ಅಪಾಯ ಒಂದೇ ಅಲ್ಲ. ದೂರದ ಮಗು ಒಂದು ದಿನ ಮೊದಲೇ ಹೊರಡಬೇಕು. ಅದರ ಮನೆಯಲ್ಲಿ ಒಂದು ತಿಂಗಳ ಔಷಧಿ ಹೆಚ್ಚು ಇರಬೇಕು, ಜೂನ್‌ಗೆ ಮೊದಲು ಸೌದೆ ತುಂಬಿಸಿಕೊಳ್ಳುವ ಹಾಗೆ.

ಲಸಿಕೆಯ ಬಗ್ಗೆ ಎರಡೇ ಮಾತು. ನಮ್ಮಲ್ಲಿ 15ರಿಂದ 17ರವರಿಗೆ 2022ರ ಜನವರಿ 3ರಿಂದ, 12ರಿಂದ 14ರವರಿಗೆ ಮಾರ್ಚ್ 16ರಿಂದ ಕೊಟ್ಟರು. ಅದಕ್ಕಿಂತ ಚಿಕ್ಕವರಿಗೆ ಸರ್ಕಾರಿ ಅಭಿಯಾನ ಬರಲಿಲ್ಲ. ಆ ಚಿಕ್ಕವರಿಗೆ ಉಳಿದದ್ದು ನಾನು ಇಷ್ಟು ಹೊತ್ತು ಹೇಳಿದ ಕೆಲಸವೇ.

ಪ್ರಶ್ನೆಗಳ ಹೊತ್ತಿಗೆ ಮಳೆ ಸ್ವಲ್ಪ ಇಳಿಯಿತು. ಕಷಾಯ ಕೊಡಬಹುದೇ ಎಂದು ಒಬ್ಬ ಅಜ್ಜಿ ಕೇಳಿದರು. ಕೊಡಿ, ಇನ್‌ಹೇಲರ್ ಜೊತೆಗೆ ಕೊಡಿ ಎಂದೆ. ಒಬ್ಬ ತಂದೆ, ಶಾಲೆಯಲ್ಲಿ ಮಗಳಿಗೆ ಉಬ್ಬಸ ಬಂದರೆ ಏನು ಮಾಡುತ್ತೀರಿ ಎಂದು ನನ್ನನ್ನು ಬಿಟ್ಟು ಶಿಕ್ಷಕರ ಕಡೆ ತಿರುಗಿದರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇನ್‌ಹೇಲರ್ ತರಿಸಿ ಇಟ್ಟಿದ್ದೇವೆ ಎಂದು ಮುಖ್ಯೋಪಾಧ್ಯಾಯರು ಹೆಮ್ಮೆಯಿಂದಲೇ ಹೇಳಿದರು. ತೋರಿಸಿ, ಈ ಬಾಟಲಿಗೆ ಹೊಂದುತ್ತದೆಯೋ ನೋಡೋಣ ಎಂದೆ. ಪೆಟ್ಟಿಗೆ ಬೀರುವಿನಲ್ಲಿತ್ತು. ಬೀರುವಿಗೆ ಬೀಗ ಇತ್ತು. ಕೀಲಿ ಇದ್ದ ಜವಾನ ಅಂದು ರಜೆ ಹಾಕಿ ನೆಂಟರ ಮನೆಗೆ ಸಿದ್ದಾಪುರಕ್ಕೆ ಹೋಗಿದ್ದ.